ಅಡಿಕೆ ರೇಟಿನ ಲಿಂಕ್ ಕಳಿಸಿದರೆ ಹೋದ ವಾರದ ರೇಟೇ ಕಾಣುತ್ತದೆ, ಯಾಕೆ?

ತೋಟದ ಮನೆ:
ನಮ್ಮೂರು ಸಿದ್ದಾಪುರದ ಕಡೆ. ನಾನಿರುವುದು ಬೆಂಗಳೂರಿನಲ್ಲಿ, ಕೆಲಸ ಅಕೌಂಟ್ಸ್. ಕೋಡಿಂಗ್ ಬರುವುದಿಲ್ಲ, ವಿಡಿಯೋ ನೋಡಿ ನೋಡಿ ಒಂದು ವರ್ಡ್‌ಪ್ರೆಸ್ ಸೈಟ್ ಎಬ್ಬಿಸಿ ನಿಲ್ಲಿಸಿದ್ದೇನೆ ಅಷ್ಟೆ. ಅದರಲ್ಲಿರುವುದು ಒಂದೇ ಪುಟ. ದಿನಾ ಸಂಜೆ ಶಿರಸಿ, ಸಿದ್ದಾಪುರ, ಸಾಗರದ ಅಡಿಕೆ ರೇಟ್ ಹಾಕುತ್ತೇನೆ. ರಾಶಿ, ಚಾಲಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಹೀಗೆ ಅಡಿಕೆಯ ಒಂದೊಂದು ಬಗೆಗೂ ಒಂದೊಂದು ರೇಟ್. ಅಪ್ಪನಿಗೆಂದು ಶುರು ಮಾಡಿದ್ದು. ಅವರು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು, ಅಲ್ಲಿಂದ ನೆಂಟರ ಗ್ರೂಪಿಗೆ ಹೋಯಿತು, ಈಗ ನನಗೆ ಗುರುತೇ ಇಲ್ಲದವರೂ ನೋಡುತ್ತಾರೆ.

ಮೊನ್ನೆ ನಮ್ಮ ಚಿಕ್ಕಪ್ಪ ಫೋನ್ ಮಾಡಿ ಸರಿಯಾಗಿ ಬೈದರು. ಗ್ರೂಪಿನಲ್ಲಿ ಲಿಂಕಿನ ಕೆಳಗೆ ಚಾಲಿ ರೇಟ್ ಒಂದು ಕಂಡಿದೆ, ಅದನ್ನು ನಂಬಿ ಮೂಟೆ ಹೊಲಿಸಿ, ಗಾಡಿ ಬಾಡಿಗೆ ಕೊಟ್ಟು ಹೋಗಿದ್ದಾರೆ, ಅಲ್ಲಿ ನೋಡಿದರೆ ಕ್ವಿಂಟಾಲಿಗೆ 1,200 ರೂಪಾಯಿ ಕಡಿಮೆ. ಲಿಂಕ್ ಒತ್ತಿ ಒಳಗೆ ಹೋಗಿದ್ದರೆ ಸರಿಯಾದ ರೇಟ್ ಇತ್ತು. ಆದರೆ ಒತ್ತುವವರು ಯಾರು? ಕೆಳಗೆ ಚೌಕದಲ್ಲಿ ಏನು ಕಾಣುತ್ತದೋ ಅದನ್ನೇ ಓದುತ್ತಾರೆ. ಆ ಚೌಕದಲ್ಲಿ ಹೋದ ವಾರದ ರೇಟ್ ಇತ್ತು.

ಇನ್ನೊಂದು ವಿಷಯ. ಫೇಸ್‌ಬುಕ್‌ನಲ್ಲಿ ಹಾಕಿದರೆ ರೇಟಿನ ಜೊತೆ ಒಂದು ಕಾಫಿ ಕಪ್ಪಿನ ಫೋಟೋ ಬರುತ್ತದೆ. ನಮ್ಮ ಮನೆಯಲ್ಲಿ ಅಂಥ ಕಪ್ಪೇ ಇಲ್ಲ. ಎಲ್ಲಿಂದ ಬಂತೋ ಗೊತ್ತಿಲ್ಲ.

ಸುಮ್ನೆ ಓದುವವ:
ಲಿಂಕ್ ಯಾಕೆ ಬೇಕು? ಸ್ಕ್ರೀನ್‌ಶಾಟ್ ಹಾಕಿ, ಮುಗೀತು.

ತೋಟದ ಮನೆ:
ಅದನ್ನೂ ಮಾಡಿ ನೋಡಿದೆ. ಜನವರಿಯ ಸ್ಕ್ರೀನ್‌ಶಾಟ್ ಮೇ ತಿಂಗಳಲ್ಲೂ ತಿರುಗುತ್ತಿತ್ತು. ಆಮೇಲೆ ಅದರ ಮೇಲೆ ಯಾರೋ ತಮ್ಮ ಅಂಗಡಿ ಹೆಸರು ಬರೆದು ಕಳಿಸಿದ್ದರು.

ಹೆಡ್ ಟ್ಯಾಗ್:
ಚಿಕ್ಕಪ್ಪನ ಸಿಟ್ಟು ನ್ಯಾಯವೇ. ಆದರೆ ಇದರಲ್ಲಿ ಎರಡು ಮೂರು ಬೇರೆ ಬೇರೆ ತಪ್ಪು ಸೇರಿಕೊಂಡಿದೆ ಅನಿಸುತ್ತದೆ. ಮೊದಲು ಒಂದು ಕೆಲಸ ಮಾಡಿ. ಕಂಪ್ಯೂಟರಿನಲ್ಲಿ ನಿಮ್ಮ ಪುಟ ತೆರೆದು ಬಲಗಡೆ ಬಟನ್ ಒತ್ತಿ 'ಪೇಜ್ ಸೋರ್ಸ್' ನೋಡಿ. ಮೇಲ್ಗಡೆ ಹೆಡ್ ಅಂತ ಒಂದು ಭಾಗ ಇರುತ್ತದೆ. ಅದು ಓದುಗರಿಗೆ ಕಾಣುವುದಿಲ್ಲ. ಆದರೆ ಲಿಂಕ್ ಪ್ರಿವ್ಯೂ, ಅಂದರೆ ನೀವು ಹೇಳಿದ ಆ ಚೌಕ, ಮಾಡುವ ಯಂತ್ರಗಳು ಅದನ್ನೇ ಓದುವುದು. ಅಲ್ಲಿ 'ಓಜಿ' ಅಂತ ಶುರುವಾಗುವ, ಪುಟದ ವಿವರ ಹೇಳುವ ಮೆಟಾ ಟ್ಯಾಗ್‌ಗಳಲ್ಲಿ ಏನೇನಿದೆ ನೋಡಿ ಹೇಳಿ.

ಓಜಿ ಅಂದರೆ ಓಪನ್ ಗ್ರಾಫ್. 2010ರಲ್ಲಿ ಫೇಸ್‌ಬುಕ್ ತಂದಿದ್ದು. ಆಮೇಲೆ ವಾಟ್ಸಾಪ್, ಟೆಲಿಗ್ರಾಂ, ಲಿಂಕ್ಡ್‌ಇನ್, ಸ್ಲ್ಯಾಕ್ ಎಲ್ಲವೂ ಅದನ್ನೇ ಓದಲು ಶುರು ಮಾಡಿದವು. ಟೈಟಲ್, ಟೈಪ್, ಇಮೇಜ್, ಯುಆರ್‌ಎಲ್, ಈ ನಾಲ್ಕು ಇರಲೇಬೇಕು ಅನ್ನುತ್ತದೆ ನಿಯಮ. ಡಿಸ್ಕ್ರಿಪ್ಶನ್ ಐಚ್ಛಿಕ, ಆದರೆ ಅದಿಲ್ಲದಿದ್ದರೆ ಯಂತ್ರ ತನಗೆ ತೋಚಿದ್ದನ್ನು ಎತ್ತಿಕೊಳ್ಳುತ್ತದೆ. ಕಾಫಿ ಕಪ್ಪು ಬಂದಿದ್ದೂ ಹಾಗೇ ಇರಬೇಕು.

ತೋಟದ ಮನೆ:
ನೋಡಿದೆ. ಓಜಿ ಟೈಟಲ್‌ನಲ್ಲಿ 'ಹೋಮ್' ಅಂತಷ್ಟೇ ಇದೆ! ಡಿಸ್ಕ್ರಿಪ್ಶನ್‌ನಲ್ಲಿ ಟೇಬಲಿನ ಮೊದಲ ಸಾಲುಗಳು ತಾವೇ ಬಂದು ಕೂತಿವೆ, ದಿನಾಂಕ ಇಲ್ಲ, ಬರೀ ರೇಟ್. ಕೊನೆಗೆ 'ಕ್ವಿಂ' ಅಂತ ಬಂದು ಒಂದು ಕಪ್ಪು ಪ್ರಶ್ನೆ ಗುರುತಿನ ಡೈಮಂಡ್ ಇದೆ. ಇಮೇಜ್ ಅಂತ ಟ್ಯಾಗೇ ಇಲ್ಲ. ಯುಆರ್‌ಎಲ್ ಇದೆ, ಸೈಟಿನ ಮುಖಪುಟದ್ದು. ಕಾಫಿ ಕಪ್ಪು ಗೊತ್ತಾಯಿತು, ಥೀಮಿನ (ಸೈಟಿನ ಸಿದ್ಧ ವಿನ್ಯಾಸದ) ಜೊತೆ ಬಂದ ಫೋಟೋ. ಪುಟದ ಅಡಿಯಲ್ಲಿ ಎಲ್ಲೋ ಅಡಗಿತ್ತು.

ಹೆಡ್ ಟ್ಯಾಗ್:
ಹೋಮ್ ಅಂತ ಇಟ್ಟುಕೊಂಡವರು ನೀವೊಬ್ಬರೇ ಅಲ್ಲ ಬಿಡಿ, ದೊಡ್ಡ ದೊಡ್ಡ ಸೈಟುಗಳಲ್ಲೂ ನೋಡಿದ್ದೇನೆ.

ಈಗ ಹಳೆಯ ರೇಟಿನ ವಿಷಯ. ವಾಟ್ಸಾಪ್‌ನಲ್ಲಿ ಆಗುವುದೇ ಬೇರೆ, ಫೇಸ್‌ಬುಕ್‌ನಲ್ಲಿ ಆಗುವುದೇ ಬೇರೆ.

ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸುವವರ ಫೋನೇ ನಿಮ್ಮ ಪುಟಕ್ಕೆ ಹೋಗಿ ಹೆಡ್ ಓದಿ, ಚೌಕ ಮಾಡಿ, ಮೆಸೇಜಿನ ಒಳಗೆ ತುಂಬಿಸಿ ಕಳಿಸುತ್ತದೆ. ಪಡೆಯುವವರ ಫೋನ್ ಏನೂ ಹುಡುಕುವುದಿಲ್ಲ. ಅದಕ್ಕೇ ಲಿಂಕ್ ಅಂಟಿಸಿದ ಕೂಡಲೇ ಕಳಿಸಿಬಿಟ್ಟರೆ ಕೆಲವು ಸಲ ಚೌಕವೇ ಬರುವುದಿಲ್ಲ, ಒಂದೆರಡು ಸೆಕೆಂಡ್ ತಡೆಯಬೇಕು. ಈಗ ಯೋಚನೆ ಮಾಡಿ: ನಿಮ್ಮ ಅಪ್ಪ ಸೋಮವಾರ ಕಳಿಸಿದ ಮೆಸೇಜನ್ನು ಯಾರೋ ಶನಿವಾರ ಫಾರ್ವರ್ಡ್ ಮಾಡುತ್ತಾರೆ. ಚೌಕದಲ್ಲಿ ಸೋಮವಾರದ ರೇಟೇ ಇರುತ್ತದೆ, ಅದು ಮೆಸೇಜಿಗೆ ಅಂಟಿಕೊಂಡಿರುತ್ತದೆ. ಒತ್ತಿದರೆ ಮಾತ್ರ ಶನಿವಾರದ್ದು ಕಾಣುತ್ತದೆ. ಚಿಕ್ಕಪ್ಪನಿಗೆ ಆಗಿದ್ದು ಇದೇ ಅಂತ ನನ್ನ ಲೆಕ್ಕ. ನಿಮ್ಮ ಸರ್ವರಿನಲ್ಲಿ ಏನೇ ಮಾಡಿದರೂ ಆಗಲೇ ಹೊರಟುಹೋದ ಮೆಸೇಜನ್ನು ಹಿಡಿಯಲು ಆಗುವುದಿಲ್ಲ.

ಫೇಸ್‌ಬುಕ್ ಹಾಗಲ್ಲ. ಅದರ ಸರ್ವರೇ ಬಂದು ಓದಿ ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ. ಮತ್ತೆ ತಾನಾಗಿ ಬಂದು ನೋಡಲು ತಿಂಗಳವರೆಗೂ ಹಿಡಿಯಬಹುದು. ಇದಕ್ಕೆ ಕ್ಯಾಶ್ ಅನ್ನುತ್ತಾರೆ. ಅಡಿಕೆಯ ಕ್ಯಾಶ್ ಅಲ್ಲ. ಶೇರಿಂಗ್ ಡಿಬಗರ್ ಅಂತ ಅವರದೇ ಒಂದು ಪುಟ ಇದೆ, ಅಲ್ಲಿ ಲಿಂಕ್ ಹಾಕಿ 'ಸ್ಕ್ರೇಪ್ ಅಗೇನ್' ಒತ್ತಿದರೆ ಹೊಸದನ್ನು ಓದುತ್ತದೆ. ದಿನಾ ಸಂಜೆ ಯಾರು ಒತ್ತುತ್ತಾ ಕೂರುತ್ತಾರೆ ಅನ್ನುವುದು ಬೇರೆ ಮಾತು. ಆಗಲೇ ಹಾಕಿದ ಪೋಸ್ಟುಗಳೂ ಬದಲಾಗುತ್ತವೆ ಅಂತ ನೆಚ್ಚಿಕೊಳ್ಳಬೇಡಿ.

ನನ್ನ ಸಲಹೆ: ದಿನಾ ಬದಲಾಗುವ ಪುಟದ ಪ್ರಿವ್ಯೂನಲ್ಲಿ ರೇಟ್ ಇಡಲೇಬೇಡಿ. 'ಇವತ್ತಿನ ಅಡಿಕೆ ರೇಟ್, ಒತ್ತಿ ನೋಡಿ' ಅಂತ ಇಡಿ.

ತೋಟದ ಮನೆ:
ಅಯ್ಯೋ ಸರ್, ಒತ್ತಿ ನೋಡಿ ಅಂದರೆ ನಮ್ಮ ಕಡೆ ಯಾರೂ ಒತ್ತುವುದಿಲ್ಲ. ಬ್ಯಾಂಕಿನವರೂ ಪೊಲೀಸರೂ ಸಿಕ್ಕ ಸಿಕ್ಕ ಲಿಂಕ್ ಒತ್ತಬೇಡಿ ಅಂತ ಹೇಳಿ ಹೇಳಿ ಎಲ್ಲರೂ ಹೆದರಿದ್ದಾರೆ, ಅದೂ ಒಳ್ಳೆಯದೇ. ಚೌಕದಲ್ಲಿ ರೇಟ್ ಕಾಣಬೇಕು, ಅದು ಯಾವತ್ತಿನದು ಅಂತಲೂ ಕಾಣಬೇಕು.

ರಾತ್ರಿ ಪಾಳಿ:
ನಾನು ಒಂದು ಪತ್ರಿಕೆಯ ವೆಬ್ ಡೆಸ್ಕಿನಲ್ಲಿದ್ದೇನೆ, ಹೆಸರು ಬೇಡ. ತೋಟದ ಮನೆಯವರು ಹೇಳುತ್ತಿರುವುದು ಸರಿ. 'ಇದು ಯಾವತ್ತಿನದು' ಅನ್ನುವುದೇ ಪ್ರಿವ್ಯೂನ ದೊಡ್ಡ ತೊಂದರೆ. ನಮ್ಮಲ್ಲಿ ಪ್ರತಿ ಮಳೆಗಾಲಕ್ಕೂ ಒಂದು ಹಳೆ ಸುದ್ದಿ ಎದ್ದು ಬರುತ್ತದೆ, ಕೆಆರ್‌ಎಸ್ ಭರ್ತಿ ಅಂತ. 124.80 ಅಡಿ, ಬಾಗಿನ, ಎಲ್ಲಾ ಸರಿ, ಆದರೆ ಅದು ಯಾವುದೋ ಹಳೆ ವರ್ಷದ್ದು. ಈ ವರ್ಷ ಇನ್ನೂ ನೂರು ಅಡಿಯೂ ಆಗಿರುವುದಿಲ್ಲ, ಗ್ರೂಪುಗಳಲ್ಲಿ ಆಗಲೇ ಭರ್ತಿ. ಯಾರೂ ಸುಳ್ಳು ಹೇಳಿರುವುದಿಲ್ಲ. ಚೌಕದಲ್ಲಿ ತಾರೀಖು ಇರುವುದಿಲ್ಲ ಅಷ್ಟೆ.

ಮೆಟಾ ಟ್ಯಾಗ್‌ನಲ್ಲಿ ಪ್ರಕಟವಾದ ಸಮಯ ಹೇಳಲು ಜಾಗ ಇದೆ, 'ಪಬ್ಲಿಶ್ಡ್ ಟೈಮ್' ಅಂತ. ನಾವೂ ಹಾಕುತ್ತೇವೆ. ವಾಟ್ಸಾಪ್ ಚೌಕದಲ್ಲಿ ಅದು ಕಾಣುವುದಿಲ್ಲ. ಹಾಗಾಗಿ ತಾರೀಖು ಕಣ್ಣಿಗೆ ಬೀಳಬೇಕಾದರೆ ಟೈಟಲ್‌ನಲ್ಲಿ ಇಡಬೇಕು, ಇಲ್ಲ ಚಿತ್ರದ ಮೇಲೇ ಬರೆಯಬೇಕು. ಬ್ರಿಟನ್ನಿನ ದಿ ಗಾರ್ಡಿಯನ್ 2019ರಲ್ಲಿ ಇದನ್ನೇ ಮಾಡಿತು. ಲೇಖನ ಹಳೆಯದಾದರೆ ಹಂಚುವಾಗ ಬರುವ ಚಿತ್ರದ ಮೇಲೆ ಅದು ಯಾವ ವರ್ಷದ್ದು ಅಂತ ಎದ್ದು ಕಾಣುವ ಹಾಗೆ ಹಾಕಿದರು. ನೋಡಿ ಹೊಟ್ಟೆಕಿಚ್ಚಾಯಿತು. ನಮ್ಮ ಮೀಟಿಂಗಿನಲ್ಲಿ ಹೇಳಿದೆ, 'ಹಳೆ ಸುದ್ದಿಗೂ ಕ್ಲಿಕ್ ಬರ್ತಿದೆಯಲ್ಲ, ಬಿಡಿ' ಅಂದರು.

ಹೆಡ್ ಟ್ಯಾಗ್:
ಚಿತ್ರದ ಮೇಲೆ ತಾರೀಖು ಒಳ್ಳೆಯ ಐಡಿಯಾ. ಹಾಗಾದರೆ ನನ್ನ ಸಲಹೆ ವಾಪಸ್. ದಿನಕ್ಕೊಂದು ಹೊಸ ಪುಟ ಮಾಡಿ, ವಿಳಾಸದಲ್ಲೇ ತಾರೀಖು ಇರಲಿ. ಒಂದು ಪುಟ, ಒಂದು ದಿನ, ಒಂದು ಪ್ರಿವ್ಯೂ. ಅದು ಹಳೆಯದಾದರೂ ಸುಳ್ಳಾಗುವುದಿಲ್ಲ.

ಕಡಲ ತಡಿ:
ನಡುವೆ ಬಾಯಿ ಹಾಕ್ತೇನೆ. ನಮ್ಮದು ಯಕ್ಷಗಾನದ ಪುಟ, ಉಡುಪಿ ಕಡೆ. ಇವತ್ತು ಯಾವ ಮೇಳದ ಆಟ ಎಲ್ಲಿ, ಪ್ರಸಂಗ ಯಾವುದು ಅಂತ ಹಾಕುವುದು. ನಮಗೂ ಇದೇ ಕಥೆ ಮಾರಾಯ್ರೆ. ನಿನ್ನೆಯ ಪ್ರಿವ್ಯೂ ನೋಡಿ ನಾಲ್ಕು ಜನ ಕುಂದಾಪುರದಿಂದ ಬೈಕಿನಲ್ಲಿ ಹೋಗಿ ಖಾಲಿ ಗದ್ದೆ ನೋಡಿ ಬಂದಿದ್ದಾರೆ. ರಾತ್ರಿ ಹನ್ನೊಂದಕ್ಕೆ ನನಗೆ ಫೋನು.

ನಾವು ಈಗ ದಿನಕ್ಕೊಂದು ಪುಟ ಮಾಡಿದ್ದೇವೆ. ಆದರೆ ಚಿತ್ರ ಬರುತ್ತಲೇ ಇರಲಿಲ್ಲ, ಅದರ ಹಿಂದೆ ಎರಡು ವಾರ ಕಳೆದೆ. ಕಾರಣ ಮೂರು. ಒಂದು, ಓಜಿ ಇಮೇಜ್‌ನಲ್ಲಿ ಫೋಲ್ಡರಿನ ಹೆಸರು ಮತ್ತು ಫೈಲ್ ಹೆಸರು ಮಾತ್ರ ಇತ್ತು. ಹಾಗೆ ಆಗುವುದಿಲ್ಲ, ಎಚ್‌ಟಿಟಿಪಿಎಸ್‌ನಿಂದ ಶುರು ಮಾಡಿ ಪೂರ್ತಿ ವಿಳಾಸ ಬೇಕು. ಎರಡು, ಮೇಳದವರು ಕಳಿಸುವ ಪೋಸ್ಟರ್ 4 ಎಂಬಿ. ವಾಟ್ಸಾಪ್‌ಗೆ ಚಿತ್ರ 600 ಕೆಬಿ ಒಳಗೆ ಇರಬೇಕು, ಅದಕ್ಕಿಂತ ಜಾಸ್ತಿ ಆದರೆ ಚಿತ್ರವೇ ಬರದೆ ಹೋಗಬಹುದು. ಮೂರನೆಯದು ನಗು ಬರಿಸುವಂಥದ್ದು. ಪೋಸ್ಟರ್ ಉದ್ದಕ್ಕೆ ನಿಂತಿರುತ್ತದೆ, ಚೌಕ ಅಡ್ಡಕ್ಕೆ ಇರುತ್ತದೆ. ನಡುವಿನ ಭಾಗ ಮಾತ್ರ ಉಳಿಯುತ್ತದೆ. ವೇಷದ ಕಿರೀಟ ಹೋಯಿತು, ಕಾಲ್ಗೆಜ್ಜೆ ಹೋಯಿತು, ಪ್ರಾಯೋಜಕರ ಅಂಗಡಿ ಹೆಸರು ಮಾತ್ರ ನಡುವೆ ಚೆಂದ ಕಾಣುತ್ತಿತ್ತು. ಅವರಿಗೆ ಖುಷಿಯೋ ಖುಷಿ.

1200ಕ್ಕೆ 630 ಪಿಕ್ಸೆಲ್ ಅಳತೆಯಲ್ಲಿ ಒಂದು ಜೆಪೆಗ್ ಮಾಡಿ, ಮುಖ್ಯವಾದದ್ದನ್ನು ನಡುವೆ ಇಡಿ. ಕೆಲವು ಕಡೆ ಅದನ್ನೂ ಚಚ್ಚೌಕ ಮಾಡಿ ಚಿಕ್ಕದಾಗಿ ತೋರಿಸುತ್ತಾರೆ, ಆಗಲೂ ನಡುವಿನದ್ದು ಉಳಿಯುತ್ತದೆ.

ಹೆಡ್ ಟ್ಯಾಗ್:
ಚಿತ್ರದ ಅಗಲ, ಎತ್ತರವನ್ನೂ ಟ್ಯಾಗ್‌ನಲ್ಲಿ ಬರೆದಿಡಿ. ಇಲ್ಲದಿದ್ದರೆ ಫೇಸ್‌ಬುಕ್‌ನಲ್ಲಿ ಮೊದಲು ಹಂಚಿದವರಿಗೆ ಚಿತ್ರ ಬರುವುದಿಲ್ಲ, ಎರಡನೆಯವರಿಗೆ ಬರುತ್ತದೆ. ಎಸ್‌ವಿಜಿ ಅನ್ನುವ ಬಗೆಯ ಫೈಲಿನಲ್ಲಿ ಲೋಗೋ ಕೊಡಬೇಡಿ, ತೆಗೆದುಕೊಳ್ಳುವುದಿಲ್ಲ.

ಅಕ್ಷರ ಜೋಡಣೆ:
ನನ್ನದು ಡಿಟಿಪಿ ಅಂಗಡಿ, ಮದುವೆ ಕಾರ್ಡಿನಿಂದ ಪಾಂಪ್ಲೆಟ್ ತನಕ. ವೆಬ್ಬಿನ ಬಗ್ಗೆ ಅರೆಬರೆ ಗೊತ್ತು. ಆದರೆ ಯಾರೂ ಕನ್ನಡದ್ದೇ ಆದ ತೊಂದರೆ ಹೇಳಲಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆ ಕಪ್ಪು ಡೈಮಂಡ್ ಇದೆಯಲ್ಲ, ಅದು ಅಕ್ಷರವನ್ನು ನಡುವೆ ಕೊಯ್ದ ಗಾಯ. ಕಂಪ್ಯೂಟರಿನಲ್ಲಿ ಒಂದು ಅಂಕಿಗೆ, ಒಂದು ಖಾಲಿ ಜಾಗಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತಕ್ಕೂ ಮೂರು ಮೂರು ಬೈಟ್. ಇಂಗ್ಲಿಷ್ ಲೆಕ್ಕದಲ್ಲಿ ಬರೆದ ಪ್ಲಗಿನ್ (ಸೈಟಿಗೆ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂ) 160 ಬೈಟ್ ಆದ ಕೂಡಲೇ ಕತ್ತರಿ ಹಾಕುತ್ತದೆ. ಮೂರರಲ್ಲಿ ಒಂದು ಬೈಟ್ ಈಚೆ, ಎರಡು ಆಚೆ. ಆ ಒಂದೇ ಬೈಟಿಗೆ ಅರ್ಥವಿಲ್ಲ, ಡೈಮಂಡ್ ಬರುತ್ತದೆ. ಬೈಟ್ ಬಿಟ್ಟು ಅಕ್ಷರ ಎಣಿಸುವ ಪ್ಲಗಿನ್ ಕೂಡಾ ಪೂರ್ತಿ ಸಾಲದು. 'ಸ್ತ್ರೀ' ಅನ್ನುವುದು ನಮಗೆ ಒಂದೇ ಅಕ್ಷರ, ಅದಕ್ಕೆ ಆರು. ಮೂರಕ್ಕೆ ಕತ್ತರಿಸಿದರೆ 'ಸ್ತ' ಅಂತ ಉಳಿಯುತ್ತದೆ. ಹಾಗಾಗಿ ಡಿಸ್ಕ್ರಿಪ್ಶನ್ ತಾನಾಗಿ ಬರಲು ಬಿಡಬೇಡಿ, ಕೈಯಲ್ಲೇ ಚಿಕ್ಕದಾಗಿ ಬರೆಯಿರಿ.

ಇನ್ನು ಪುಟದ ವಿಳಾಸ. ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಶೀರ್ಷಿಕೆ ಕೊಟ್ಟರೆ ವಿಳಾಸವೂ ಕನ್ನಡದಲ್ಲೇ ಆಗುತ್ತದೆ. ನೋಡಲು ಚೆಂದ. ಆದರೆ ಕಾಪಿ ಮಾಡಿ ಅಂಟಿಸಿದರೆ ಒಂದೊಂದು ಬೈಟೂ ಪರ್ಸೆಂಟ್ ಗುರುತು ಮತ್ತು ಎರಡು ಚಿಹ್ನೆಯಾಗಿ ಬಿಚ್ಚಿಕೊಳ್ಳುತ್ತದೆ. 'ಅಡಿಕೆ' ಅನ್ನುವ ಮೂರಕ್ಷರ ಒಳಗಿನ ಲೆಕ್ಕದಲ್ಲಿ ಐದು, ಬಿಚ್ಚಿದರೆ 45 ಚಿಹ್ನೆ. ವರ್ಡ್‌ಪ್ರೆಸ್ ಡೇಟಾಬೇಸಿನಲ್ಲಿ ಆ ಜಾಗಕ್ಕೆ ಇರುವುದೇ 200 ಚಿಹ್ನೆ. ಅಂದರೆ ಇಪ್ಪತ್ತೆರಡಕ್ಕೆ ಕನ್ನಡ ಮುಗಿಯಿತು, ಉಳಿದ ಶೀರ್ಷಿಕೆ ಕಟ್. ಗ್ರೂಪಿನಲ್ಲಿ ಆ ಪರ್ಸೆಂಟ್ ಸರಮಾಲೆ ನೋಡಿದವರು ವೈರಸ್ ಅಂದುಕೊಳ್ಳುತ್ತಾರೆ. ನಿಮ್ಮದು ಹೇಗೂ ತಾರೀಖು ತಾನೇ, ವಿಳಾಸದಲ್ಲಿ ಅಂಕಿ ಮಾತ್ರ ಇಡಿ.

ಸುಮ್ನೆ ಓದುವವ:
ಕನ್ನಡ ಕನ್ನಡ ಅಂತೀರಿ, ವಿಳಾಸದಲ್ಲಿ ಕನ್ನಡ ಬೇಡ ಅಂತೀರಿ.

ಅಕ್ಷರ ಜೋಡಣೆ:
ಮನೆಗೆ ಬೋರ್ಡ್ ಕನ್ನಡದಲ್ಲೇ ಇರಲಿ ಸ್ವಾಮಿ, ಮೀಟರ್ ನಂಬರ್ ಅಂಕಿಯಲ್ಲಿದ್ದರೆ ಏನು ತೊಂದರೆ?

ಬಿಟ್ಟುಹೋಗಿತ್ತು. 'ರ‍್ಯಾಲಿ', 'ರ‍್ಯಾಂಕ್' ಇಂಥ ಪದಗಳಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ ಇರುತ್ತದೆ. ಕೆಲವು ಪ್ಲಗಿನ್‌ಗಳು ಟೈಟಲ್ ತೊಳೆಯುವಾಗ ಅದನ್ನು ಕಸ ಅಂತ ಗುಡಿಸಿ ಹಾಕುತ್ತವೆ. ಪುಟದಲ್ಲಿ 'ರ‍್ಯಾಲಿ' ಸರಿ ಇರುತ್ತದೆ, ಪ್ರಿವ್ಯೂನಲ್ಲಿ ಅರ್ಕಾವೊತ್ತು ಬಂದು 'ರ್ಯಾಲಿ' ಆಗಿರುತ್ತದೆ. ಅಡಿಕೆಗೆ ಸಂಬಂಧ ಇಲ್ಲ, ಪತ್ರಿಕೆಯವರು ಇದ್ದಾರಲ್ಲ ಅಂತ ಹೇಳಿದೆ.

ರಾತ್ರಿ ಪಾಳಿ:
ಓ! ಇದು ನಮ್ಮಲ್ಲಿ ಎರಡು ವರ್ಷದಿಂದ ಇದೆ. ಪ್ರೂಫ್ ನೋಡುವವರಿಗೆ ಬೈಯುತ್ತಿದ್ದೆವು, ಪಾಪ.

ನಮ್ಮ ಹಳೆಯ ಸಂಗ್ರಹದಲ್ಲಿ ಇನ್ನೊಂದು ಫಜೀತಿ ಇದೆ. ಎಲ್ಲಾ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ನಮ್ಮಲ್ಲಿ ಬಳಕೆಗೆ ಬರುವುದಕ್ಕೆ ಮುಂಚಿನ ಪುಟಗಳು, ನುಡಿ ಫಾಂಟಿನಲ್ಲಿ ಮಾಡಿದ್ದು. ಪುಟದಲ್ಲಿ ಫಾಂಟ್ ಇರುವುದರಿಂದ ಕನ್ನಡ ಕಾಣುತ್ತದೆ. ಹಂಚಿದರೆ ಚೌಕದಲ್ಲಿ ದೊಡ್ಡ ಪಿ, ಪೌಂಡಿನ ಗುರುತು, ಟೋಪಿ ಹಾಕಿದ ಎ.

ಅಕ್ಷರ ಜೋಡಣೆ:
ಆ ಪೌಂಡ್ ನಮ್ಮ 'ನ'. ಒಳಗೆ ಇರುವುದು ಇಂಗ್ಲಿಷ್ ಚಿಹ್ನೆಗಳೇ, ಕನ್ನಡದ ವೇಷ ಹಾಕುವುದು ಫಾಂಟ್. ಪ್ರಿವ್ಯೂನಲ್ಲಿ ವೇಷ ಕಳಚುತ್ತದೆ. ಯೂನಿಕೋಡಿಗೆ ಪರಿವರ್ತಿಸದೆ ಬೇರೆ ದಾರಿಯಿಲ್ಲ. ಎಲ್ಲಾ ಪುಟ ಆಗದಿದ್ದರೂ ಟೈಟಲ್, ಡಿಸ್ಕ್ರಿಪ್ಶನ್ ಎರಡನ್ನಾದರೂ ಮಾಡಿ.

ದೂರದ ಊರು:
ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ಸೈಟ್ ನೋಡಿಕೊಳ್ಳುತ್ತೇನೆ, ಹಗಲಿನ ಕೆಲಸವೂ ಅದೇ ತರಹದ್ದು. ಒಂದು ಅನುಭವ. ಹೋದ ಸಲ ದೀಪಾವಳಿ ಕಾರ್ಯಕ್ರಮಕ್ಕೆ ಹುಡುಗರು ಸೈಟನ್ನು ಹೊಸದಾಗಿ ಬರೆದರು, ರಿಯಾಕ್ಟ್ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ. ತುಂಬಾ ಚೆನ್ನಾಗಿತ್ತು. ನಾಟಕ, ಊಟದ ಕೂಪನ್, ಮಕ್ಕಳ ಸ್ಪರ್ಧೆ, ಯಾವುದರ ಲಿಂಕ್ ಕಳಿಸಿದರೂ ಪ್ರಿವ್ಯೂ ಮಾತ್ರ ಒಂದೇ, ಕೂಟದ ಹೆಸರು ಮತ್ತು ಬಾವುಟ. ನೂರೈವತ್ತು ಜನ ಊಟದ ಲಿಂಕ್ ಅಂದುಕೊಂಡು ನಾಟಕದ್ದು ಒತ್ತಿದರು.

ಯಾಕೆಂದರೆ ಈ ಪ್ರಿವ್ಯೂ ಯಂತ್ರಗಳಲ್ಲಿ ಹೆಚ್ಚಿನವು ಜಾವಾಸ್ಕ್ರಿಪ್ಟ್, ಅಂದರೆ ಬ್ರೌಸರಿನಲ್ಲಿ ಓಡಿ ಪುಟ ತುಂಬಿಸುವ ಪ್ರೋಗ್ರಾಂ, ಓಡಿಸುವುದಿಲ್ಲ. ಸರ್ವರ್ ಮೊದಲು ಕೊಟ್ಟ ಎಚ್‌ಟಿಎಂಎಲ್‌ನಲ್ಲಿ ಏನಿದೆಯೋ ಅದನ್ನು ಓದಿ ಹೋಗುತ್ತವೆ. ಅದನ್ನೂ ಪೂರ್ತಿ ಓದಬೇಕೆಂದಿಲ್ಲ. ವಾಟ್ಸಾಪ್‌ಗೆ ಟ್ಯಾಗ್‌ಗಳು ಮೊದಲ 300 ಕೆಬಿ ಒಳಗೆ ಸಿಗಬೇಕು. ನಾವು ಕೊನೆಗೆ ಪುಟಗಳನ್ನು ಟ್ಯಾಗ್ ಸಮೇತ ಮೊದಲೇ ಬೇಯಿಸಿ ಇಡುವ ಹಾಗೆ ಮಾಡಿದೆವು, ಆಮೇಲೆ ಸರಿಹೋಯಿತು.

ಬೇರೆ ಕಡೆ ಹಂಚುವವರಿಗೆ: ಲಿಂಕ್ಡ್‌ಇನ್ ಒಂದು ವಾರದಷ್ಟು ಹಳೆಯದನ್ನು ಹಿಡಿದಿಟ್ಟುಕೊಳ್ಳುತ್ತದೆ, ಅವರ ಪೋಸ್ಟ್ ಇನ್‌ಸ್ಪೆಕ್ಟರಿನಲ್ಲಿ ಲಿಂಕ್ ಹಾಕಿದರೆ ಹೊಸದಾಗುತ್ತದೆ. ಟೆಲಿಗ್ರಾಂನಲ್ಲಿ ವೆಬ್‌ಪೇಜ್‌ಬಾಟ್ ಅಂತ ಇದೆ, ಅದಕ್ಕೆ ಲಿಂಕ್ ಕಳಿಸಿದರೆ ಸಾಕು. ಟ್ವಿಟ್ಟರ್, ಅಂದರೆ ಈಗಿನ ಎಕ್ಸ್, 2012ರಿಂದ ತನ್ನದೇ ಕಾರ್ಡ್ ಟ್ಯಾಗ್ ಇಟ್ಟುಕೊಂಡಿದೆ. ದೊಡ್ಡ ಚಿತ್ರ ಬೇಕು ಅನ್ನುವ ಒಂದು ಟ್ಯಾಗ್ ಹಾಕಿದರೆ ಸಾಕು, ಉಳಿದದ್ದನ್ನು ಓಜಿಯಿಂದ ತೆಗೆದುಕೊಳ್ಳುತ್ತದೆ. 2023ರ ಅಕ್ಟೋಬರಿನಲ್ಲಿ ಅವರು ಲಿಂಕಿನ ಶೀರ್ಷಿಕೆಯನ್ನೇ ತೆಗೆದು ಬರೀ ಚಿತ್ರ ತೋರಿಸಿದರು, ಆಮೇಲೆ ಚಿತ್ರದ ಮೇಲೆ ಚಿಕ್ಕದಾಗಿ ವಾಪಸ್ ತಂದರು. ಆಗ ಉಳಿದುಕೊಂಡವರು ಚಿತ್ರದ ಮೇಲೇ ವಿಷಯ ಬರೆದಿದ್ದವರು.

ತೋಟದ ಮನೆ:
ನಿನ್ನೆ ಭಾನುವಾರ ಪೂರ್ತಿ ಕೂತೆ. ದಿನಕ್ಕೊಂದು ಪುಟ ಮಾಡುವ ಬದಲು ಸುಲಭದ ದಾರಿ ಹುಡುಕಿದೆ, ಹಳೆ ಪುಟದ ವಿಳಾಸದ ಕೊನೆಗೆ ಪ್ರಶ್ನೆ ಗುರುತು ಹಾಕಿ ತಾರೀಖು ಸೇರಿಸಿದೆ. ವಾಟ್ಸಾಪ್‌ನಲ್ಲಿ ಬಂತು. ಫೇಸ್‌ಬುಕ್‌ನಲ್ಲಿ ಮತ್ತೆ ಹಳೆ ರೇಟ್, ಮತ್ತೆ ಕಾಫಿ ಕಪ್ಪು. ಡಿಬಗರಿನಲ್ಲಿ ಹದಿನೈದು ಸಲ ಒತ್ತಿದ್ದೇನೆ. ಕೈ ಸೋತಿತು.

ಹೆಡ್ ಟ್ಯಾಗ್:
ಓಜಿ ಯುಆರ್‌ಎಲ್ ಇನ್ನೂ ಮುಖಪುಟದ್ದೇ ಇದೆಯಾ?

ತೋಟದ ಮನೆ:
ಹೌದು. ಅದನ್ನು ಮುಟ್ಟಲಿಲ್ಲ.

ಹೆಡ್ ಟ್ಯಾಗ್:
ಅಲ್ಲೇ ಇದೆ ನೋಡಿ. ಆ ಟ್ಯಾಗಿನ ಅರ್ಥ 'ನನ್ನ ನಿಜವಾದ ವಿಳಾಸ ಇದು' ಅಂತ. ನೀವು ಬಾಗಿಲಲ್ಲಿ ಹೊಸ ತಾರೀಖು ಬರೆದಿರಿ, ಒಳಗೆ ಆಧಾರ್ ಕಾರ್ಡ್ ಹಳೆಯದೇ. ಫೇಸ್‌ಬುಕ್ ಆ ವಿಳಾಸ ನೋಡಿ, ಓಹೋ ಇದು ನನಗೆ ಗೊತ್ತಿರುವ ಪುಟವೇ ಅಂತ ಹಳೆಯದಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಇದು ಒಳ್ಳೆಯದು, ಒಂದೇ ಲೇಖನಕ್ಕೆ ಹತ್ತು ವಿಳಾಸ ಇದ್ದರೆ ಲೈಕುಗಳು ಒಂದೇ ಕಡೆ ಸೇರುತ್ತವೆ. ನಿಮಗೆ ಮಾತ್ರ ಉಲ್ಟಾ. ನಿಜವಾಗಿಯೂ ದಿನಕ್ಕೊಂದು ಪುಟ ಮಾಡಿ, ಪ್ರತಿ ಪುಟದ ಓಜಿ ಯುಆರ್‌ಎಲ್ ಅದರದ್ದೇ ಇರಲಿ. ಮುಖಪುಟದ ಪ್ರಿವ್ಯೂನಲ್ಲಿ ರೇಟ್ ಬೇಡ, ಸೈಟಿನ ಹೆಸರು ಸಾಕು.

ರಾತ್ರಿ ಪಾಳಿ:
ಹಳೆ ತಾರೀಖಿನ ಪುಟಗಳ ಮೇಲೆ 'ಇದು ಹಳೆಯ ರೇಟ್, ಇವತ್ತಿನದು ಇಲ್ಲಿದೆ' ಅಂತ ಒಂದು ಪಟ್ಟಿ ಹಾಕಿ. ಫಾರ್ವರ್ಡ್ ಆದದ್ದನ್ನು ಒತ್ತಿ ಬಂದವರಿಗೆ ದಾರಿ ಸಿಗಲಿ.

ಸುಮ್ನೆ ಓದುವವ:
ಒಂದು ಪ್ರಶ್ನೆ. ಟೈಟಲ್ ಬೇರೆ, ಓಜಿ ಟೈಟಲ್ ಬೇರೆ ಇಡಬಹುದು ಅಂದರೆ ಚೌಕದಲ್ಲಿ ಒಂದು ಹೇಳಿ ಒಳಗೆ ಇನ್ನೊಂದು ಇಡಬಹುದಲ್ಲ? 'ಅಡಿಕೆ ಬೆಳೆಗಾರರಿಗೆ ಶಾಕ್' ಅಂತ ಹಾಕಿದರೆ ಎಲ್ಲರೂ ಒತ್ತುತ್ತಾರೆ.

ರಾತ್ರಿ ಪಾಳಿ:
ಇಡಬಹುದು. ಇಡುತ್ತಾರೆ. ಮೊದಲು ಫೇಸ್‌ಬುಕ್‌ನಲ್ಲಿ ಹಂಚುವವರೇ ಟೈಟಲ್, ಚಿತ್ರ ಬದಲಾಯಿಸಬಹುದಿತ್ತು, ಬೇರೆಯವರ ಸುದ್ದಿಗೆ ತಮ್ಮ ತಲೆಬರಹ ಅಂಟಿಸುತ್ತಿದ್ದರು. 2017ರಲ್ಲಿ ಅದನ್ನು ನಿಲ್ಲಿಸಿದರು. ಈಗ ಪುಟದ ಒಡೆಯರು ಏನು ಬರೆದರೆ ಅದು. ನಾನು ದಿನಕ್ಕೆ ಮೂವತ್ತು ಓಜಿ ಟೈಟಲ್ ಬರೆಯುತ್ತೇನೆ, ಶಾಕ್ ಅಂತ ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಲ್ಲ. ಸಂಜೆಗೆ ಓದುಗರ ಬೈಗುಳವನ್ನೂ ನಾನೇ ಓದಬೇಕು. ತೋಟದ ಮನೆಯವರಿಗೆ ಚಿಕ್ಕಪ್ಪ ಒಬ್ಬರೇ, ನನಗೆ ಸಾವಿರ.

ಕಡಲ ತಡಿ:
ಅಣ್ಣಾ, ಶಾಕ್ ಹಾಕಬೇಡಿ ಮಾತ್ರ. ಅಡಿಕೆಯವರ ಬಿಪಿ ಮೊದಲೇ ಜಾಸ್ತಿ.

ಅಕ್ಷರ ಜೋಡಣೆ:
ಚಿತ್ರದ ಮೇಲೆ ತಾರೀಖು ಹಾಕುವ ಮುಂಚೆ ಒಂದು ಮಾತು. ಸರ್ವರಿನಲ್ಲಿ ಪ್ರೋಗ್ರಾಂ ಬರೆದು ಕನ್ನಡ ಅಕ್ಷರ ಮೂಡಿಸಲು ಹೋದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ನಿಲ್ಲುತ್ತದೆ, 'ಅಕ್ಟೋಬರ್' ಹೋಗಿ 'ಅಕ್‌ಟೋಬರ್' ಆಗುತ್ತದೆ. ಪಿಎಚ್‌ಪಿಯ ಜಿಡಿ ಅನ್ನುವ ಚಿತ್ರ ಬರೆಯುವ ಲೈಬ್ರರಿ ಹಾಗೇ, ಪೈಥಾನಿನ ಪಿಲ್ಲೋ ಕೂಡಾ ಅಕ್ಷರ ಜೋಡಿಸುವ ಹೆಚ್ಚುವರಿ ಲೈಬ್ರರಿ ಇಲ್ಲದಿದ್ದರೆ ಹಾಗೇ. ಸರ್ವರಿನಲ್ಲಿ ಕನ್ನಡ ಫಾಂಟೇ ಇಲ್ಲದಿದ್ದರಂತೂ ಬರೀ ಡಬ್ಬಿ ಡಬ್ಬಿ. ಗುಬ್ಬಿಯೋ ನವಿಲೋ ನೋಟೋನೋ ಯಾವುದಾದರೊಂದು ಫಾಂಟ್ ಮೊದಲು ಹಾಕಿಕೊಳ್ಳಬೇಕು.

ದೂರದ ಊರು:
ನಾವು ಆ ರಗಳೆಯೇ ಬೇಡ ಅಂತ ಪುಟವನ್ನು ಕ್ರೋಮ್‌ನಲ್ಲಿ ತೆರೆದು ಫೋಟೋ ತೆಗೆಸುತ್ತೇವೆ, ಎಲ್ಲಾ ಪ್ರೋಗ್ರಾಂನಲ್ಲೇ. ಬ್ರೌಸರಿಗೆ ಕನ್ನಡ ಜೋಡಿಸಲು ಬರುತ್ತದೆ. ಆದರೆ ಚಿಕ್ಕ ಹೋಸ್ಟಿಂಗಿನಲ್ಲಿ ಅದು ಓಡುವುದಿಲ್ಲ.

ಅಕ್ಷರ ಜೋಡಣೆ:
ಅಷ್ಟೆಲ್ಲ ಯಾಕೆ? ತಿಂಗಳು ಹನ್ನೆರಡೇ ಅಲ್ವಾ. ನಾನು ಹನ್ನೆರಡು ಹಿನ್ನೆಲೆ ಮಾಡಿ ಕೊಡುತ್ತೇನೆ, ಮೇಲೆ 'ಅಡಿಕೆ ರೇಟ್', ಕೆಳಗೆ ತಿಂಗಳ ಹೆಸರು, ನಡುವೆ ಖಾಲಿ. ಅಲ್ಲಿ ದಿನದ ಅಂಕಿ ಮಾತ್ರ ಪ್ರೋಗ್ರಾಂ ಬರೆಯಲಿ. ಅಂಕಿಗೆ ಒತ್ತು ಇಲ್ಲ, ದೀರ್ಘ ಇಲ್ಲ, ಯಾವ ಲೈಬ್ರರಿ ಆದರೂ ಬರೆಯುತ್ತದೆ. ದುಡ್ಡು ಬೇಡ, ಒಂದು ಕಿಲೋ ಕೆಂಪಡಿಕೆ ಕಳಿಸಿ.

ಹೆಡ್ ಟ್ಯಾಗ್:
ಅಂಕಿ ಬರೆಯುವ ಹತ್ತು ಸಾಲಿನ ಸ್ಕ್ರಿಪ್ಟ್ ನನ್ನದು. ನನಗೆ ಅಡಿಕೆ ಬೇಡ, ಜೋನಿ ಬೆಲ್ಲ ಸಿಗುತ್ತಾ?

ತೋಟದ ಮನೆ:
ಎರಡೂ ಕಳಿಸಿದ್ದೇನೆ, ಬಸ್ಸಿಗೆ ಹಾಕಿ ಆಗಿದೆ.

ಮೂರು ವಾರವಾಯಿತು, ಏನಾಯಿತು ಅಂತ ಹೇಳಬೇಕಲ್ಲ. ಈಗ ಪ್ರತಿ ದಿನದ ಪುಟಕ್ಕೂ ಟೈಟಲ್ ತಾರೀಖಿನಿಂದಲೇ ಶುರು, ಆಮೇಲೆ ರಾಶಿ, ಚಾಲಿ ಸರಾಸರಿ. ಮೊದಲು ಊರಿನ ಹೆಸರು ಇಟ್ಟಿದ್ದೆ, ಅಪ್ಪನ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟುಕೊಂಡಿದ್ದಾರೆ, ಎರಡನೇ ಸಾಲಿಗೇ ಕಟ್ಟಾಗಿ ರೇಟೇ ಕಾಣಲಿಲ್ಲ. ಉಳಿದ ದರ ಡಿಸ್ಕ್ರಿಪ್ಶನ್‌ನಲ್ಲಿ, ಕೈಯಲ್ಲೇ ಬರೆಯುತ್ತೇನೆ. ಚಿತ್ರ 80 ಕೆಬಿ, ಹಸಿರು ಹಿನ್ನೆಲೆ, ನಡುವೆ ದೊಡ್ಡ ಅಂಕಿ. ಓದಲು ಬಾರದ ನಮ್ಮ ಆಳು ಕೂಡಾ ಅಂಕಿ ನೋಡಿ 'ಇದು ನಿನ್ನೆದಲ್ವಾ' ಅಂದನಂತೆ.

ಸೈಟಿಗೆ ಬರುವವರು ಅರ್ಧಕ್ಕರ್ಧ ಕಡಿಮೆಯಾಗಿದ್ದಾರೆ. ಚೌಕದಲ್ಲೇ ಎಲ್ಲಾ ಸಿಗುವಾಗ ಒಳಗೆ ಯಾಕೆ ಬರುತ್ತಾರೆ? ನನ್ನ ಪುಟದಲ್ಲಿ ಜಾಹೀರಾತು ಇಲ್ಲ, ನನಗೇನೂ ನಷ್ಟವಿಲ್ಲ. ಪತ್ರಿಕೆಯವರಿಗೆ ಇದು ಹಿಡಿಸಲಿಕ್ಕಿಲ್ಲ.

ರಾತ್ರಿ ಪಾಳಿ:
ನಮ್ಮ ಮೀಟಿಂಗಿನಲ್ಲಿ ಇದನ್ನು ಹೇಳುವುದಿಲ್ಲ ಬಿಡಿ.

ಕಡಲ ತಡಿ:
ಚಿಕ್ಕಪ್ಪ ಏನು ಹೇಳಿದರು?

ತೋಟದ ಮನೆ:
ನಿನ್ನೆ ರಾತ್ರಿ ಫೋನ್ ಮಾಡಿದ್ದರು. ಬೈಯಲಿಕ್ಕೇ ಅಂದುಕೊಂಡು ಎತ್ತಿದೆ. 'ತಮಾ, ಕಾಳುಮೆಣಸಿನ ರೇಟೂ ಆ ಚೌಕದಲ್ಲಿ ಹಾಕಲು ಬರ್ತದಾ?' ಅಂತ ಕೇಳಿದರು. ಡಿಸ್ಕ್ರಿಪ್ಶನ್‌ನಲ್ಲಿ ಇನ್ನು ಎಷ್ಟು ಅಕ್ಷರ ಹಿಡಿಯುತ್ತದೆ, ಯಾರಾದರೂ ಹೇಳಿ.